ವೃಷಣದ ಕ್ಯಾನ್ಸರ್: ಮುಚ್ಚಿಡುವ ರೋಗವಲ್ಲ



ಅಡಿಕೆಯ ಕೊಳೆರೋಗಕ್ಕೂ ಹಿಡಿಮುಂಡಿಗೆಗೂ ಮದ್ದು ಒಂದೇ ಅಲ್ಲ. ವೃಷಣದ ಕ್ಯಾನ್ಸರ್ ಕೂಡ ಹಾಗೆಯೇ. ಹೆಚ್ಚಾಗಿ 15ರಿಂದ 40 ವರ್ಷದವರಿಗೆ ಬರುವ ಈ ರೋಗದಲ್ಲಿ ಮುಖ್ಯ ಬಗೆಗಳು ಎರಡು. ಸೆಮಿನೋಮಾ ನಿಧಾನವಾಗಿ ಬೆಳೆಯುತ್ತದೆ. ವಿಕಿರಣಕ್ಕೂ ಔಷಧಿಗೂ ಬಗ್ಗುತ್ತದೆ. ಸೆಮಿನೋಮಾ ಅಲ್ಲದವು ಬೇಗ ಹರಡುತ್ತವೆ. ವಿಕಿರಣಕ್ಕೆ ಅಷ್ಟಾಗಿ ಬಗ್ಗವು. ಆದರೆ 1970ರ ದಶಕದಲ್ಲಿ ಬಳಕೆಗೆ ಬಂದ ಸಿಸ್‌ಪ್ಲಾಟಿನ್ ಔಷಧಿಯಿಂದ ಹರಡಿದ ರೋಗವೂ ಬಹುಪಾಲು ಗುಣವಾಗುತ್ತದೆ. ರಕ್ತಪರೀಕ್ಷೆಯಿಂದ ಬಗೆಯ ಸುಳಿವು ಸಿಗುತ್ತದೆ. ಖಚಿತವಾಗುವುದು ತೆಗೆದ ವೃಷಣದ ಪರೀಕ್ಷೆಯಿಂದ. ಇನ್ನೊಂದು ಆರೋಗ್ಯವಾಗಿದ್ದರೆ ಸಂಸಾರಕ್ಕೆ, ಸಂತಾನಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ನೋವಿಲ್ಲದ ಗಂಟು, ಬಾವು ಕಂಡರೆ ನಾಚಿಕೊಳ್ಳದೆ ವೈದ್ಯರಿಗೆ ತೋರಿಸಿ. ಮಸ್ಕಿ, ಸಿಂಧನೂರು ಕಡೆಯಿಂದ ಕಾಫಿ ತೋಟಕ್ಕೆ ಬರುವ ಯುವಕರಿಗೂ ತಿಳಿಸಿ. ಅವರ ಊರಿಗೆ ರಾಯಚೂರಿನ ರಿಮ್ಸ್, ಕಲಬುರಗಿಯ ಕಿದ್ವಾಯಿ ಕೇಂದ್ರ ಹತ್ತಿರ.

— ಕಾರ್ಯದರ್ಶಿ