ಪ್ಲಾಸ್ಟಿಕ್ ಯಾಕೆ ಕಿರ್ರ್ ಅನ್ನುತ್ತೆ?

ತ್ರೀಡಿ ಪ್ರಿಂಟ್ ಮಾಡಿದ ಸ್ಲೈಡ್ ಒಂದನ್ನು ಬೆಲ್ಟ್ ಮೂಲಕ ಮೋಟಾರ್‌ಗೆ ಕಟ್ಟಿ ನಿಧಾನವಾಗಿ ಓಡಿಸಿ. ಮೋಟಾರ್ ಒಂದೇ ಸಮ ತಿರುಗ್ತಾ ಇದ್ರೂ ಸ್ಲೈಡ್ ಮಾತ್ರ ನಿಂತು, ಜಿಗಿದು, ಮತ್ತೆ ನಿಂತು ಸಾಗೋದುಂಟು. ಪ್ರಾಜೆಕ್ಟ್ ಡೆಮೊ ದಿನ ನಮ್ಮ ಮಾನ ಕಳೆಯೋದು ಇದೇ. ಕೋಡ್‌ನಲ್ಲಿ ಬಗ್ ಹುಡುಕುತ್ತಾ ರಾತ್ರಿ ಕಳೆಯುವ ಮೊದಲು ಘರ್ಷಣೆಯ ಕಡೆ ಒಮ್ಮೆ ನೋಡೋಣ.

ಇದಕ್ಕೆ ಸ್ಟಿಕ್-ಸ್ಲಿಪ್ ಅಂತಾರೆ. ನಿಂತ ವಸ್ತುವನ್ನು ಹೊರಡಿಸುವ ಬಲ, ಹೊರಟದ್ದನ್ನು ಸಾಗಿಸುವ ಬಲಕ್ಕಿಂತ ಹೆಚ್ಚು ಅಂತ ಪಿಯುಸಿಯಲ್ಲೇ ಓದಿದ್ದೇವೆ. ಅದೊಂದೇ ಸಾಲದು, ನಡುವೆ ಒಂದು ಸ್ಪ್ರಿಂಗ್ ಇರಬೇಕು. ಎಲ್ಲಿದೆ ಸ್ಪ್ರಿಂಗ್ ಅಂತೀರಾ? ಬೆಲ್ಟ್, ಸಣಕಲು ಪ್ಲಾಸ್ಟಿಕ್ ತೋಳು, ಎಲ್ಲವೂ ಸ್ಪ್ರಿಂಗೇ. ಮೋಟಾರ್ ಎಳೆದಂತೆ ಬೆಲ್ಟ್ ಹಿಗ್ಗುತ್ತೆ, ಬಲ ಏರುತ್ತೆ, ಸ್ಥಿರ ಘರ್ಷಣೆಯ ಮಿತಿ ದಾಟಿದ ಕೂಡಲೇ ಸ್ಲೈಡ್ ಜಾರುತ್ತೆ. ಈಗ ಘರ್ಷಣೆ ಕಮ್ಮಿ, ಬೆಲ್ಟ್‌ನಲ್ಲಿ ಕೂಡಿಟ್ಟ ಶಕ್ತಿ ಇನ್ನೂ ಬಾಕಿ. ಹಾಗಾಗಿ ಬೇಕಾದ್ದಕ್ಕಿಂತ ಮುಂದೆ ಹೋಗಿ ನಿಲ್ಲುತ್ತೆ. ಮತ್ತೆ ಮೊದಲಿಂದ ಶುರು. ಇದೇ ಸೆಕೆಂಡಿಗೆ ನೂರಾರು ಸಲ ನಡೆದರೆ ಕಿವಿಗೆ ಕಿರ್ರ್! ಬೋರ್ಡ್ ಮೇಲೆ ಚಾಕ್‌ಪೀಸ್ ಕಿರುಗುಟ್ಟೋದೂ, ಕಮಾನು ತೀಡಿದಾಗ ಪಿಟೀಲಿನ ತಂತಿ ನುಡಿಯೋದೂ ಇದರಿಂದಲೇ. 1966ರಲ್ಲಿ ಬ್ರೇಸ್ ಮತ್ತು ಬೈಯರ್ಲಿ ಭೂಕಂಪವನ್ನೂ ಹೀಗೇ ವಿವರಿಸಿದರು.

ಪ್ಲಾಸ್ಟಿಕ್‌ನದ್ದು ಇನ್ನೊಂದು ತಕರಾರು. ಎಷ್ಟೇ ನುಣುಪಾಗಿ ಕಂಡರೂ ಎರಡು ಮೇಲ್ಮೈಗಳು ತಾಗೋದು ಸಣ್ಣ ಸಣ್ಣ ಉಬ್ಬುಗಳ ತುದಿಯಲ್ಲಿ ಮಾತ್ರ. ಒತ್ತಡ ಬಿದ್ದರೆ ಪ್ಲಾಸ್ಟಿಕ್ ನಿಧಾನವಾಗಿ ಆಕಾರ ಬಿಡುತ್ತೆ, ನಾವು ಓದುವ ಕ್ರೀಪ್ ಅದೇ. ಸುಮ್ಮನೆ ನಿಂತಷ್ಟೂ ಉಬ್ಬುಗಳು ಚಪ್ಪಟೆಯಾಗಿ, ತಾಗುವ ಜಾಗ ಹೆಚ್ಚಿ, ಹಿಡಿತ ಬಿಗಿಯುತ್ತೆ. ರಾತ್ರಿಯಿಡೀ ನಿಂತ ಸ್ಲೈಡ್ ಬೆಳಗ್ಗೆ ಮೊದಲ ಎಳೆತಕ್ಕೆ ಮೊಂಡು ಹಿಡಿಯೋದು ಇದಕ್ಕೇ. ಪ್ಲಾಸ್ಟಿಕ್ ಮೇಲೆ ಅದೇ ಜಾತಿಯ ಪ್ಲಾಸ್ಟಿಕ್ ಉಜ್ಜಿದರಂತೂ ಅಂಟು ಸಾಮಾನ್ಯವಾಗಿ ಇನ್ನೂ ಜಾಸ್ತಿ. ನಾವು ಮಾತ್ರ ಎರಡು ಭಾಗಗಳನ್ನೂ ಒಂದೇ ಸ್ಪೂಲ್‌ನಿಂದ ಪ್ರಿಂಟ್ ಮಾಡಿ ಕೂರ್ತೀವಿ!

ಟೆಫ್ಲಾನ್ ಪಟ್ಟಿ ಅಂಟಿಸಿದರೆ ಅರ್ಧ ಗೆದ್ದಂತೆ. ಅದರಲ್ಲಿ ನಿಧಾನ ವೇಗದಲ್ಲಿ ಸ್ಥಿರ ಘರ್ಷಣೆ, ಚಲ ಘರ್ಷಣೆ ಹೆಚ್ಚೂಕಮ್ಮಿ ಒಂದೇ, ಜಿಗಿಯಲು ಕಾರಣವೇ ಉಳಿಯಲ್ಲ. ಬೆಲ್ಟ್ ಬಿಗಿ ಮಾಡಿ, ತೋಳು ದಪ್ಪ ಮಾಡಿ, ಆದರೆ ವೇಗ ಸ್ವಲ್ಪ ಏರಿಸಿ. ಕೈಗೆ ಸಿಕ್ಕ ಎಣ್ಣೆ ಮಾತ್ರ ಸುರಿಯಬೇಡಿ. ಎಬಿಎಸ್, ಪಾಲಿಕಾರ್ಬೊನೇಟ್‌ನಂಥವು ಕೆಲವು ಎಣ್ಣೆ, ದ್ರಾವಕ ತಾಗಿದರೆ ಸ್ಟ್ರೆಸ್ ಇರುವ ಕಡೆ ಬಿರುಕು ಬಿಡ್ತವೆ. ಪ್ಲಾಸ್ಟಿಕ್‌ಗೆ ಒಗ್ಗುವ ಸಿಲಿಕೋನ್ ಗ್ರೀಸ್ ವಾಸಿ.

ಸ್ಪ್ರಿಂಗಿನ ಮಾತು ನಂಬಿಕೆ ಬರದಿದ್ರೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ ಎಕ್ಸಾಮ್ ಪ್ಯಾಡ್ ಮೇಲಿಟ್ಟು, ಮೊದಲು ರಬ್ಬರ್ ಬ್ಯಾಂಡ್ ಕಟ್ಟಿ ನಿಧಾನಕ್ಕೆ ಎಳೀರಿ. ಆಮೇಲೆ ಬ್ಯಾಂಡ್ ಬಿಚ್ಚಿ, ಗಿಡ್ಡ ದಾರ ಕಟ್ಟಿ ಎಳೀರಿ. ಡಬ್ಬಿ ಅದೇ, ಪ್ಯಾಡ್ ಅದೇ, ಕುಣಿತ ಎಷ್ಟು ಕಮ್ಮಿಯಾಯ್ತು ನೋಡಿ.