ಎಂಪಿ3ಯೂ ಯಂತ್ರತಾಳವೂ

ಎಂಪಿ3 ಕಡತದಲ್ಲಿ ನೃತ್ಯಸಂಗೀತದ ಮಂದ್ರಧ್ವನಿ ಸೊರಗುವುದೆಂದು ಹಲವರು ದೂರುವುದುಂಟು. ನಮಗೆ ತೋರುವಂತೆ, ನಿಜವಾದ ನಷ್ಟ ತಾಳದ ಪೆಟ್ಟಿನಲ್ಲಿದೆ.

1980ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹುಟ್ಟಿದ ಟೆಕ್ನೋ ಸಂಗೀತವನ್ನೇ ನೋಡೋಣ. ರೋಲ್ಯಾಂಡ್ ಸಂಸ್ಥೆಯು 1983ರಲ್ಲಿ ಹೊರತಂದ ಟಿಆರ್-909 ಎಂಬ ತಾಳಯಂತ್ರ ಅದರ ಮುಖ್ಯ ವಾದ್ಯಗಳಲ್ಲೊಂದು. ಅದರ ಹೈ-ಹ್ಯಾಟ್ ಸದ್ದು ಕ್ಷಣಾರ್ಧದಲ್ಲಿ ಸಿಡಿದು ಅಡಗುತ್ತದೆ. ಸಿ.ಡಿ.ಯು ಈ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದಿಡುತ್ತದೆ. 128 ಕಿಲೋಬಿಟ್‌ನ ಎಂಪಿ3ಯಾದರೋ, ಕಿವಿಗೆ ಬೀಳದೆಂದು ಬಗೆದದ್ದನ್ನೆಲ್ಲ ಕೈಬಿಟ್ಟು, ಅದರ ಹನ್ನೊಂದನೆಯ ಒಂದು ಪಾಲಿಗೆ ಇಳಿಯುತ್ತದೆ.

ಈ ವಿಧಾನವನ್ನು ಹದಗೊಳಿಸುವಾಗ ಜರ್ಮನಿಯ ವಿಜ್ಞಾನಿಗಳು ಸುಜೇನ್ ವೇಗಾ ಎಂಬ ಗಾಯಕಿಯ, ವಾದ್ಯವಿಲ್ಲದ ಹಾಡೊಂದನ್ನು ಒರೆಗಲ್ಲಾಗಿ ಬಳಸಿದರು. ಕಂಠಕ್ಕೆ ಅದು ತಕ್ಕ ಪರೀಕ್ಷೆಯೇ. ಪೆಟ್ಟಿನ ತೊಡಕು ಬೇರೆ. ಎಂಪಿ3 ಧ್ವನಿಯನ್ನು ಸಣ್ಣಸಣ್ಣ ತುಂಡುಗಳಾಗಿ ಪರಿಶೀಲಿಸುತ್ತದೆ. ತುಂಡಿನ ನಡುವೆ ಪೆಟ್ಟು ಬಿದ್ದರೆ, ಕೈಬಿಟ್ಟದ್ದರಿಂದಾದ ದೋಷವು ತುಂಡಿಗೆಲ್ಲ ಹರಡಿ, ಪೆಟ್ಟಿಗೂ ಮುಂಚೆಯೇ ಮಸುಕಾದ ಸರಸರ ಸದ್ದಾಗಿ ಕೇಳಬಹುದು. ಆಗ ಪೆಟ್ಟಿನ ಮೊನೆ ಮೊಂಡಾಗುತ್ತದೆ. ಅಂಥ ಕಡೆ ತುಂಡನ್ನು ಇನ್ನೂ ಕಿರಿದಾಗಿಸುವ ಉಪಾಯವಿದೆ. ಆದರೆ ಅದರಿಂದ ದೋಷ ತಗ್ಗುವುದೇ ಹೊರತು ಪೂರ್ತಿ ನೀಗದು.

320 ಕಿಲೋಬಿಟ್‌ನಲ್ಲಿ ಈ ಭೇದವನ್ನು ಗುರುತಿಸುವುದು ಬಹುಮಂದಿಗೆ ಕಷ್ಟ. ಆದರೆ ಒಮ್ಮೆ ಕಿರಿದಾದ ಕಡತವನ್ನು ಮತ್ತೆ ವೇವ್ ರೂಪಕ್ಕೆ ತಂದರೆ ಗಾತ್ರ ಬೆಳೆಯುವುದಲ್ಲದೆ, ಹೋದ ಮೊನೆ ಮರಳಿ ಬಾರದು.