ಲೋಕಲ್ ರೈಲಿನ ವೇಳೆಗೆ ತೆರೆಯುವ ದವಾಖಾನೆ

ಡೊಂಬಿವಲಿಯ ಫ್ಯಾಮಿಲಿ ಡಾಕ್ಟರ ದವಾಖಾನೆ ದಿನಕ್ಕೆ ಎರಡು ಸಲ ತೆರೆಯುತ್ತದೆ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಮುದುಕರು, ಮಕ್ಕಳು, ಮನೆಯಲ್ಲಿರುವ ಹೆಂಗಸರು. ಸಂಜೆ ಆರೂವರೆಗೆ ಮತ್ತೆ ಶಟರ್ ಎತ್ತಿದರೆ ರಾತ್ರಿ ಹತ್ತು ದಾಟಿದರೂ ಬೆಂಚು ಖಾಲಿಯಾಗುವುದಿಲ್ಲ. ಈ ವೇಳೆಯನ್ನು ಗೊತ್ತುಮಾಡಿದ್ದು ಮಧ್ಯ ರೈಲ್ವೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಹೊರಟ ರೈಲು ಮರುವರ್ಷ ಕಲ್ಯಾಣ ಮುಟ್ಟಿತು. ಮುಂಬಯಿಯ ಕಚೇರಿಗಳಿಗೆ ಹೋಗುವ ಜನ ಆ ಹಳಿಯ ಗುಂಟ ಮನೆ ಮಾಡಿಕೊಂಡರು. ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಿಂದ ಥಾಣೆಗೆ ಸುಮಾರು 34 ಕಿಲೋಮೀಟರ್, ಕಲ್ಯಾಣಕ್ಕೆ ಸುಮಾರು 54. ಬೆಳಿಗ್ಗೆ ಎಂಟರ ಗಾಡಿ ಹಿಡಿದವನಿಗೆ ಜ್ವರ ಬಂದರೂ ಡಾಕ್ಟರ ಮುಖ ಕಾಣಲು ಸಿಗುವುದು ರಾತ್ರಿ ಎಂಟರ ಮೇಲೆಯೇ. ಸಂಜೆ ಏಳಕ್ಕೇ ಬಾಗಿಲು ಹಾಕುವ ವೈದ್ಯ ಈ ಊರುಗಳಲ್ಲಿ ಎಷ್ಟೇ ಜಾಣನಾದರೂ ದುಡಿಯುವ ವಯಸ್ಸಿನ ರೋಗಿಗಳನ್ನು ಪಕ್ಕದ ಗಲ್ಲಿಯವನಿಗೆ ಬಿಟ್ಟುಕೊಟ್ಟಂತೆಯೇ.

ನವಿಮುಂಬಯಿಯ ಲೆಕ್ಕ ಬೇರೆ. 1970ರಲ್ಲಿ ಹುಟ್ಟಿದ ಸಿಡ್ಕೊ ಸಂಸ್ಥೆ ಗೆರೆ ಎಳೆದು ಕಟ್ಟಿದ ಊರು ಅದು. ಅಲ್ಲಿ ವಿಳಾಸವೆಂದರೆ ಸೆಕ್ಟರ್ ಸಂಖ್ಯೆ. ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಜನ ಬರುತ್ತಾರೆ. ಐರೋಳಿ, ಮಹಾಪೆಗಳ ಐಟಿ ಕಚೇರಿಯವರು ಶನಿವಾರಕ್ಕೆ ಕಾಯುತ್ತಾರೆ. ವಾಶಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ಮೂಟೆ ಹೊರುವವರ ದುಡಿಮೆ ನಸುಕಿಗೇ ಶುರು. ಅವರ ‘ಸಂಜೆ’ ಮಧ್ಯಾಹ್ನಕ್ಕೇ ಆಗಿಬಿಡುತ್ತದೆ. ಡೊಂಬಿವಲಿಯಲ್ಲಿ ಚೆನ್ನಾಗಿ ನಡೆದ ವೇಳಾಪಟ್ಟಿಯನ್ನು ನವಿಮುಂಬಯಿಯ ತುರ್ಭೆಗೆ ಹಾಗೆಯೇ ಒಯ್ದರೆ ಬೆಂಚು ಒಂದು ಹೊತ್ತು ತುಂಬೀತು, ಇನ್ನೊಂದು ಹೊತ್ತು ಬಣಗುಟ್ಟೀತು.

ಜಾಗ ಆರಿಸುವಾಗ ಹೊಸಬರು ಸ್ಟೇಷನ್ನಿಗೆ ಹತ್ತಿರವಿರುವ ಗಾಳೆಯನ್ನೇ, ಅಂದರೆ ಅಂಗಡಿ ಕೋಣೆಯನ್ನೇ, ಹುಡುಕುತ್ತಾರೆ. ಬಾಡಿಗೆ ಅಲ್ಲಿಯೇ ಅತಿ ಹೆಚ್ಚು. ಆದರೆ ಮಗುವಿಗೆ ವಾಂತಿಯಾದಾಗ ತಾಯಿ ಸ್ಟೇಷನ್ ಕಡೆಗೆ ರಿಕ್ಷಾ ಹಿಡಿಯುವುದಿಲ್ಲ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಯಾರಿದ್ದಾರೆ ಎಂದು ನೋಡುತ್ತಾಳೆ. ಹತ್ತು-ಹನ್ನೆರಡು ಸೊಸೈಟಿಗಳ ನಡುವೆ ನೆಲಮಾಳಿಗೆಯಲ್ಲದ, ಮೆಟ್ಟಿಲೂ ಇಲ್ಲದ ಒಂದು ಕೋಣೆ ಸಾಮಾನ್ಯ ವೈದ್ಯಕ್ಕೆ ಸಾಕು. ಮೊಣಕಾಲು ನೋವಿನವರು ಮೊದಲ ಮಹಡಿ ಹತ್ತುವುದಿಲ್ಲ. ಡೊಂಬಿವಲಿ ಪೂರ್ವ ಮತ್ತು ಪಶ್ಚಿಮಗಳ ನಡುವೆ ರೈಲು ಹಳಿಯಿದೆ, ಅದನ್ನು ದಾಟಿ ಕೆಮ್ಮಿನ ಔಷಧಿಗೆ ಬರುವವರು ಕಡಿಮೆ. ಇಲ್ಲಿ ಇನ್ನೊಂದು ಅಪಾಯವಿದೆ. ಹಳೆಯ ಕಟ್ಟಡಗಳು ಪುನರಾಭಿವೃದ್ಧಿಗೆ ಹೋಗುತ್ತಿರುವ ಊರುಗಳಿವು. ಹನ್ನೊಂದು ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಕರಾರಿನಲ್ಲಿ ಕುಳಿತ ವೈದ್ಯ, ಕಟ್ಟಡ ಕೆಡಹುವ ದಿನ ಹದಿನೈದು ವರ್ಷದ ರೋಗಿಗಳನ್ನು ಬಿಟ್ಟು ಏಳಬೇಕಾಗುತ್ತದೆ. ಆದ್ದರಿಂದ ಬಾಡಿಗೆಯ ಚೌಕಾಸಿಗೆ ಕೂರುವ ಮೊದಲು ಆ ಸೊಸೈಟಿಯಲ್ಲಿ ಬಿಲ್ಡರನ ಮಾತುಕತೆ ಎಲ್ಲಿಗೆ ಬಂದಿದೆ ಎಂದು ವಿಚಾರಿಸಿಕೊಳ್ಳುವುದು ಲೇಸು.

ಉಳಿದ ವ್ಯಾಪಾರಗಳು ಬೆಳೆಯುವುದು ಜಾಹೀರಾತಿನಿಂದ. ವೈದ್ಯರಿಗೆ ಆ ದಾರಿ ಇಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ಹೊಸ ನಡತೆ ನಿಯಮಗಳನ್ನು ಹೊರಡಿಸಿ, ಅದೇ ತಿಂಗಳು ತಡೆಹಿಡಿಯಿತು. ಹಾಗಾಗಿ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಿಗೇ ಮತ್ತೆ ಜೀವ ಬಂತು. ಅವುಗಳ ಪ್ರಕಾರ ರೋಗಿಗಳನ್ನು ಕರೆಯುವ ಜಾಹೀರಾತು ದುರ್ನಡತೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಡಲು ಕೆಲವೇ ಸಂದರ್ಭಗಳಿವೆ: ವೃತ್ತಿ ಶುರುಮಾಡಿದಾಗ, ವಿಳಾಸ ಬದಲಿಸಿದಾಗ, ಕೆಲವು ದಿನ ಊರಲ್ಲಿಲ್ಲದಾಗ, ಇಂಥವು. ಬೋರ್ಡು ವಿಪರೀತ ದೊಡ್ಡದಿರಬಾರದು. ಅದರ ಮೇಲೆ ಹೆಸರು, ಪದವಿ, ಪರಿಣತಿ, ನೋಂದಣಿ ಸಂಖ್ಯೆ ಇಷ್ಟಕ್ಕೇ ಜಾಗ. ಔಷಧಿ ಅಂಗಡಿಯ ಮೇಲೆ ವೈದ್ಯರ ಫಲಕ ತೂಗುವುದು ಸಲ್ಲದು ಎಂದು ನಿಯಮ ಬಿಡಿಸಿಯೇ ಹೇಳುತ್ತದೆ. ಈ ಭಾಗದ ಯಾವುದೇ ಸ್ಟೇಷನ್ ರಸ್ತೆಯಲ್ಲಿ ಅರ್ಧ ಗಂಟೆ ಅಡ್ಡಾಡಿದವರಿಗೆ ಆ ವಾಕ್ಯ ಎಷ್ಟು ಮಂದಿಗೆ ನೆನಪಿದೆ ಎಂಬುದು ತಿಳಿಯುತ್ತದೆ.

ಹಾಗಾದರೆ ಬೆಳವಣಿಗೆ ಬಾಯಿಮಾತಿನಿಂದಲೇ ಆಗಬೇಕು, ಬಾಯಿಮಾತಿಗೆ ಭಾಷೆ ಬೇಕು. ಮರಾಠಿ ಬಾರದೆ ಇಲ್ಲಿ ದವಾಖಾನೆ ನಡೆಯದು, ಹಿಂದಿ ಹೇಗೂ ಬೇಕು. ಅದರ ಮೇಲೆ ಕನ್ನಡ, ತುಳು ಬಲ್ಲ ವೈದ್ಯರಿಗೆ ಒಂದು ಹೆಚ್ಚಿನ ಬಲವಿದೆ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘ ಮತ್ತು ಅದರ ಮಂಜುನಾಥ ವಿದ್ಯಾಲಯ, ವಾಶಿಯಲ್ಲಿ ನವಿಮುಂಬಯಿ ಕನ್ನಡ ಸಂಘ ಇರುವಷ್ಟು ಕನ್ನಡಿಗರ ನೆಲೆ ಇದು. ಹಿಂದಿಯ ‘ಚಕ್ಕರ್’ ಎಂಬ ಒಂದೇ ಮಾತಿಗೆ ಕನ್ನಡದಲ್ಲಿ ‘ತಲೆ ತಿರುಗುತ್ತದೆ’ ಮತ್ತು ‘ಕಣ್ಣಿಗೆ ಕತ್ತಲೆ ಬರುತ್ತದೆ’ ಎಂಬ ಎರಡು ಮಾತುಗಳಿವೆ. ಮೊದಲನೆಯದು ಒಳಗಿವಿಯ ತೊಂದರೆಯನ್ನು ನೆನಪಿಸಿದರೆ ಎರಡನೆಯದು ರಕ್ತದೊತ್ತಡ ಇಳಿದದ್ದನ್ನೋ ರಕ್ತಹೀನತೆಯನ್ನೋ ಸೂಚಿಸಬಹುದು. ಕುಂದಾಪುರದಿಂದ ಮಗನ ಮನೆಗೆ ಬಂದ ತಾಯಿ ಮಣಿಪಾಲದ ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬಂದಾಗ ಈ ವ್ಯತ್ಯಾಸ ಹಿಡಿದ ವೈದ್ಯರ ಹೆಸರು ಆ ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ. ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ, ಮೂರರಿಂದ ಐದರೊಳಗೆ ಕರಾವಳಿಯಿಂದ ಬಂದ ಹೋಟೆಲಿನ ಹುಡುಗರಿಗೆ ಬಿಡುವು. ಆ ಹೊತ್ತಿಗೆ ಒಂದು ಗಂಟೆ ಬಾಗಿಲು ತೆರೆದಿಟ್ಟರೆ ಆ ಕಾರ್ಮಿಕವರ್ಗ ಬೇರೆಲ್ಲೂ ಹೋಗದು. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಿಗೆ ಹಗಲಿನ ಚಿಕಿತ್ಸೆಯೆಂದರೆ ಒಂದು ದಿನದ ಪಗಾರ ಹೋದಂತೆ. ಅವರು ಬರುವುದು ದವಾಖಾನೆಯ ರಾತ್ರಿಯ ಪಾಳಿಗೆ.

ಸಂಘ, ದೇವಸ್ಥಾನಗಳ ಆರೋಗ್ಯ ತಪಾಸಣೆ ಶಿಬಿರಗಳು ಪರಿಚಯಕ್ಕೆ ಒಳ್ಳೆಯ ಅವಕಾಶ. ಸಂಘದ ಹೆಸರಿನ ಬ್ಯಾನರಿನ ಕೆಳಗೆ ಕುಳಿತು ನೋಡುವುದು ಸೇವೆ. ತನ್ನ ಭಾವಚಿತ್ರ, ಫೋನ್ ನಂಬರು ಹಾಕಿಸಿದರೆ ಅದು ನಿಯಮ ಬೇಡವೆಂದ ಜಾಹೀರಾತೇ ಆಗುತ್ತದೆ.

ಹಣದ ವಿಷಯದಲ್ಲಿ ಮುಂಬಯಿ ಭಾಗದ ದವಾಖಾನೆಗೆ ಒಂದು ಹಳೆಯ ಪದ್ಧತಿ ಇದೆ. ಇಲ್ಲಿ ತಪಾಸಣೆಯ ಶುಲ್ಕ, ಎರಡು-ಮೂರು ದಿನದ ಮಾತ್ರೆ ಸೇರಿ ಒಂದೇ ಮೊತ್ತ. ಮೊದಲು ಕಂಪೌಂಡರ್ ಬಾಟಲಿಯಲ್ಲಿ ಕೆಂಪು ಮಿಕ್ಸ್‌ಚರ್, ಕಾಗದದಲ್ಲಿ ಪುಡಿ ಕಟ್ಟಿಕೊಡುತ್ತಿದ್ದ. ಈಗ ಮಾತ್ರೆಯ ಪಟ್ಟಿ ಕತ್ತರಿಸಿ ಕೊಡುತ್ತಾರೆ. ಅಂಗಡಿಯಂತೆ ಮಾರದೆ, ತನ್ನದೇ ರೋಗಿಗೆ ವೈದ್ಯ ಔಷಧಿ ಕೊಡುವುದಕ್ಕೆ ಔಷಧ ನಿಯಮಗಳ ಶೆಡ್ಯೂಲ್ ಕೆ ವಿನಾಯಿತಿ ಕೊಡುತ್ತದೆ. ರೋಗಿಗೆ ಇದು ಸುಲಭ, ವೈದ್ಯರಿಗೂ ಲಾಭವೇ. ತೊಡಕು ಎಲ್ಲೆಂದರೆ ಕೊಟ್ಟ ಮಾತ್ರೆ ಯಾವುದೆಂಬುದಕ್ಕೆ ಬರಹವೇ ಇರುವುದಿಲ್ಲ. ತಾನೇ ಔಷಧಿ ಕೊಟ್ಟಿದ್ದರೆ ಚೀಟಿಯಲ್ಲಿ ಬರೆಯಬೇಕು, ಶುಲ್ಕವನ್ನು ಕೋಣೆಯಲ್ಲಿ ತೂಗುಹಾಕಬೇಕು ಎಂದು 2002ರ ನಿಯಮಗಳೇ ಹೇಳುತ್ತವೆ. ಹಾಗೆ ಬರೆದುಕೊಟ್ಟ ಚೀಟಿ ಅಲರ್ಜಿಯಾದ ರಾತ್ರಿ ರೋಗಿಯನ್ನೂ ಕಾಪಾಡುತ್ತದೆ, ವೈದ್ಯರನ್ನೂ ಕಾಪಾಡುತ್ತದೆ. ಸುಪ್ರೀಂ ಕೋರ್ಟಿನ 1995ರ ವಿ.ಪಿ. ಶಾಂತಾ ತೀರ್ಪಿನ ನಂತರ ಹಣ ಪಡೆದ ಚಿಕಿತ್ಸೆ ಗ್ರಾಹಕ ನ್ಯಾಯಾಲಯದ ವ್ಯಾಪ್ತಿಗೆ ಬಂದಿದೆ. ಕಾಗದವಿಲ್ಲದ ವೈದ್ಯ ಅಲ್ಲಿ ಬರಿಗೈಯಲ್ಲಿ ನಿಂತಂತೆ.

ಇನ್ನೊಂದು ಆದಾಯದ ಹೆಸರನ್ನು ಈ ಭಾಗದಲ್ಲಿ ಎಲ್ಲರೂ ಬಲ್ಲರು: ಕಟ್ ಪ್ರಾಕ್ಟೀಸ್. ರೋಗಿಯನ್ನು ಕಳಿಸಿದ್ದಕ್ಕೆ ಲ್ಯಾಬು, ಸ್ಕ್ಯಾನ್ ಸೆಂಟರು, ಆಸ್ಪತ್ರೆಗಳಿಂದ ಪಾಲು. ಇದೂ ದುರ್ನಡತೆಯೇ. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಇದರ ವಿರುದ್ಧ ಪ್ರತ್ಯೇಕ ಕಾನೂನಿನ ಕರಡನ್ನೇ ಮಾಡಿಸಿತ್ತು. ನೀತಿಯ ಮಾತು ಅತ್ತ ಇರಲಿ, ವ್ಯಾಪಾರದ ದೃಷ್ಟಿಯಿಂದಲೂ ಇದು ನಷ್ಟದ ಬಾಬತ್ತು. ಬೇಡದ ಸ್ಕ್ಯಾನಿಗೆ ಒಮ್ಮೆ ದುಡ್ಡು ಸುರಿದ ಕುಟುಂಬ ಮುಂದಿನ ಇಪ್ಪತ್ತು ವರ್ಷದ ಜ್ವರ-ಕೆಮ್ಮುಗಳನ್ನು ಬೇರೆಡೆಗೆ ಒಯ್ಯುತ್ತದೆ. ಈ ಆಸ್ಪತ್ರೆಗೆ ಹೋಗಿ, ಆ ಪರೀಕ್ಷೆ ಬೇಡ ಎಂದು ಹೇಳಬಲ್ಲವರು ಎಂಬ ನಂಬಿಕೆಯೇ ಫ್ಯಾಮಿಲಿ ಡಾಕ್ಟರರ ಬಂಡವಾಳ.

ತೆರಿಗೆ ಸರಳ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಆದಾಯ ತೆರಿಗೆಯ ಅಂದಾಜು ಆದಾಯದ ಪದ್ಧತಿಯಡಿ ವರ್ಷದ ವಸೂಲಿ 50 ಲಕ್ಷದೊಳಗಿದ್ದರೆ ಅದರ ಅರ್ಧವನ್ನು ಆದಾಯವೆಂದು ತೋರಿಸಿ ಲೆಕ್ಕಪುಸ್ತಕದ ಗೊಡವೆ ಇಲ್ಲದೆ ಮುಗಿಸಬಹುದು. ನಗದು ವಸೂಲಿ ಶೇ. 5 ಮೀರದಿದ್ದರೆ ಈ ಮಿತಿ 75 ಲಕ್ಷ.

ದವಾಖಾನೆಯ ನಿಜವಾದ ಬೆಳವಣಿಗೆ ಕೇಸ್ ಪೇಪರಿನಲ್ಲಿದೆ. ಮಳೆಗಾಲದ ಜ್ವರದವನು ಮೂರು ದಿನಕ್ಕೆ ಮರೆಯಾಗುತ್ತಾನೆ. ಸಕ್ಕರೆ ಕಾಯಿಲೆ, ಬಿಪಿ ಇರುವವನು ಬದುಕಿರುವವರೆಗೆ ಬರುತ್ತಾನೆ. ಸಂಜೆಯ ಪಾಳಿಯ ನಾಲ್ಕು ತಾಸಿನಲ್ಲಿ ಅರವತ್ತು ಜನ ಬಂದರೆ ಒಬ್ಬೊಬ್ಬರಿಗೆ ನಾಲ್ಕೇ ನಿಮಿಷ. ಆ ನಾಲ್ಕು ನಿಮಿಷದಲ್ಲಿ ಮಧುಮೇಹಿಯ ಪಾದ ನೋಡಲಾಗದು. ಇಂಥವರಿಗೆ ಮಧ್ಯಾಹ್ನ ಅಥವಾ ಭಾನುವಾರ ಬೆಳಿಗ್ಗೆ ಹೊತ್ತು ಗೊತ್ತುಮಾಡಿ ಕರೆದರೆ ಸಂಜೆಯ ಸಾಲೂ ಹಗುರಾಗುತ್ತದೆ, ತಿಂಗಳ ವರಮಾನಕ್ಕೂ ಒಂದು ಸ್ಥಿರತೆ ಬರುತ್ತದೆ. ಮೂರು ತಿಂಗಳಾದರೂ ಬಾರದವನ ಕೇಸ್ ಪೇಪರ್ ಪಕ್ಕಕ್ಕೆ ತೆಗೆದಿಟ್ಟು ಫೋನ್ ಮಾಡುವ ಸಹಾಯಕಿಯೊಬ್ಬಳಿದ್ದರೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ಗೊತ್ತಿರುವ ರೋಗಿಯ ಮರುತಪಾಸಣೆ ಫೋನಿನಲ್ಲೇ ಮಾಡಿ ಶುಲ್ಕ ಪಡೆಯಬಹುದು. ಆದರೆ ರೋಗಿಯನ್ನು ಎದುರಿಗೆ ನೋಡದೆ ಯಾವ ಔಷಧಿ ಬರೆಯಬಾರದು ಎಂಬುದಕ್ಕೆ ಅದರಲ್ಲೇ ಪಟ್ಟಿಯಿದೆ. ವಾಟ್ಸ್ಆ್ಯಪಿನಲ್ಲಿ ಬಂದ ಚರ್ಮದ ಚಿತ್ರಕ್ಕೆ ಹೆಬ್ಬೆಟ್ಟಿನ ಗುರುತು ಒತ್ತಿ ಮುಗಿಸುವುದು ಟೆಲಿಮೆಡಿಸಿನ್ ಆಗದು.

ಮಳೆಗಾಲ ಇಲ್ಲಿನ ವೈದ್ಯರಿಗೆ ಸುಗ್ಗಿಯೂ ಹೌದು, ಪರೀಕ್ಷೆಯೂ ಹೌದು. 2005ರ ಜುಲೈ 26ರ ನೆರೆಯ ನಂತರ ಹಬ್ಬಿದ ಇಲಿಜ್ವರ ಮುಂಬಯಿ ಪ್ರದೇಶದ ವೈದ್ಯರಿಗೆ ಒಂದು ಪ್ರಶ್ನೆ ಕಲಿಸಿತು: ‘ನೀರಿನಲ್ಲಿ ನಡೆದಿದ್ದೀರಾ?’ ಜ್ವರ ಸಾಮಾನ್ಯವಾಗಿ ಒಂದೆರಡು ವಾರ ಬಿಟ್ಟು ಬರುವುದರಿಂದ ರೋಗಿ ತಾನಾಗಿ ಹೇಳುವುದಿಲ್ಲ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಲಯದ ಪಕ್ಕದವರಿಗೆ ಕೇಳುವ ಪ್ರಶ್ನೆ ಬೇರೆ. 2016ರ ಮತ್ತು 2024ರ ಮೇ ತಿಂಗಳ ಕಾರ್ಖಾನೆ ಸ್ಫೋಟಗಳನ್ನು ಕಂಡ ಆ ರಾಸಾಯನಿಕ ವಲಯದ ಕೆಮ್ಮು ಯಾವ ಪಾಳಿಯಲ್ಲಿ ಹೆಚ್ಚು, ಯಾವ ದಿನ ಕಡಿಮೆ ಎಂದು ವಿಚಾರಿಸಬೇಕು. ಎರಡು ವಾರ ಮೀರಿದ ಕೆಮ್ಮೆಂದರೆ ಕ್ಷಯದ ಪರೀಕ್ಷೆ. 2012ರಿಂದ ಪ್ರತಿ ಕ್ಷಯ ರೋಗಿಯ ವಿವರವನ್ನು ಖಾಸಗಿ ವೈದ್ಯರೂ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ.

ಕಾಗದಪತ್ರಗಳ ಬಗ್ಗೆ ಮಂಗಳೂರು, ಹುಬ್ಬಳ್ಳಿಗಳಿಂದ ಬರುವ ವೈದ್ಯರಿಗೆ ಒಂದು ಅಚ್ಚರಿ ಕಾದಿರುತ್ತದೆ. ಖಾಸಗಿ ವೈದ್ಯಕೀಯ ಸಂಸ್ಥೆಗಳಿಗಾಗಿ ಇರುವ ಕರ್ನಾಟಕದ 2007ರ ಕೆಪಿಎಂಇ ಕಾಯ್ದೆ ಒಂದು ಕೋಣೆಯ ಕ್ಲಿನಿಕ್ಕನ್ನೂ ನೋಂದಾಯಿಸುತ್ತದೆ. ಮಹಾರಾಷ್ಟ್ರದ 1949ರ ಕಾಯ್ದೆ ನರ್ಸಿಂಗ್ ಹೋಮುಗಳದು. ಹಾಸಿಗೆ ಹಾಕಿ ಒಳರೋಗಿಗಳನ್ನು ಇರಿಸಿಕೊಂಡಾಗ ಅದರ ಬಾಗಿಲು ತಟ್ಟಬೇಕು. ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಮುಂದುವರಿದ ಕಲಿಕೆಯ 30 ಅಂಕ ಬೇಕು. ಊರಿನಲ್ಲಿರುವ ವೈದ್ಯರ ಸಂಘ ಐಎಂಎ ಶಾಖೆಯ ಉಪನ್ಯಾಸಗಳಿಗೆ ಹೋದರೆ ಅಂಕವೂ ಸಿಗುತ್ತದೆ, ರೋಗಿಯನ್ನು ನಂಬಿ ಕಳಿಸಬಹುದಾದ ತಜ್ಞರ ಪರಿಚಯವೂ ಆಗುತ್ತದೆ. 2016ರ ಜೈವಿಕ ತ್ಯಾಜ್ಯ ನಿಯಮಗಳಂತೆ ಸೂಜಿ ಬಿಳಿ ಡಬ್ಬಿಗೆ, ಸಿರಿಂಜು ಕೆಂಪು ಚೀಲಕ್ಕೆ, ರಕ್ತ ಹತ್ತಿದ ಹತ್ತಿ ಹಳದಿಗೆ, ಗಾಜಿನ ಸೀಸೆ ನೀಲಿಗೆ.

ಈ ಭಾಗದ ಫ್ಯಾಮಿಲಿ ಡಾಕ್ಟರರಲ್ಲಿ ಹೋಮಿಯೋಪತಿ, ಆಯುರ್ವೇದ ಓದಿದವರೂ ಬಹಳ. ಪದವಿಯ ಗಡಿ ದಾಟಿ ಔಷಧಿ ಬರೆಯುವುದು ನಿರ್ಲಕ್ಷ್ಯವೇ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಮುಂಬಯಿಯದೇ ಒಂದು ಪ್ರಕರಣದಲ್ಲಿ ಹೇಳಿತ್ತು. 2014ರಲ್ಲಿ ರಾಜ್ಯ ಕಾನೂನು ತಿದ್ದಿ, ಒಂದು ವರ್ಷದ ಔಷಧಶಾಸ್ತ್ರ ಕೋರ್ಸು ಮುಗಿಸಿದ ಹೋಮಿಯೋಪತಿ ವೈದ್ಯರಿಗೆ ಮಿತಿಯೊಳಗೆ ಅವಕಾಶ ಕೊಟ್ಟಿತು. ಅದು ಸರಿಯೇ ಎಂಬ ಜಗಳ ಮುಗಿದಿಲ್ಲ.

ರೋಗಿಗಳು ಹೆಚ್ಚಿದಾಗ ಎರಡನೇ ದವಾಖಾನೆ ತೆರೆಯುವ ಆಸೆ ಹುಟ್ಟುತ್ತದೆ. ಬೆಳಿಗ್ಗೆ ಕಲ್ಯಾಣ, ಸಂಜೆ ಡೊಂಬಿವಲಿ ಎಂದು ಹಂಚಿಕೊಂಡವರು ಎರಡೂ ಕಡೆ ಅರ್ಧ ವೈದ್ಯರಾಗುತ್ತಾರೆ; ‘ಡಾಕ್ಟರು ಇಲ್ಲ’ ಎಂಬ ಉತ್ತರವನ್ನು ಎರಡು ಸಲ ಕೇಳಿದ ರೋಗಿ ಮೂರನೇ ಸಲ ಬರುವುದಿಲ್ಲ. ಅದಕ್ಕಿಂತ ಇದ್ದ ಜಾಗದಲ್ಲೇ ಪಕ್ಕದ ಕೋಣೆ ಹಿಡಿದು ಕಣ್ಣು, ಮೂಳೆ, ಸ್ತ್ರೀರೋಗ ತಜ್ಞರನ್ನು ವಾರಕ್ಕೊಂದು ಸಂಜೆ ಕೂರಿಸುವ ಪಾಲಿಕ್ಲಿನಿಕ್ ದಾರಿ ಹೆಚ್ಚು ಗಟ್ಟಿ. ಅವರು ಕೊಡುವುದು ಕೋಣೆಯ ಬಾಡಿಗೆಯಾಗಿರಲಿ. ತಲೆಗಿಷ್ಟು ಎಂದಾದರೆ ಮತ್ತೆ ಕಟ್ ಬಂದಂತೆ. ಸರ್ಕಾರದ ಆಪ್ಲಾ ದವಾಖಾನೆಗಳಲ್ಲಿ ತಪಾಸಣೆ ಉಚಿತ, ಥಾಣೆ ಮತ್ತು ನವಿಮುಂಬಯಿಗಳಲ್ಲಿ ಕಾರ್ಪೊರೇಟ್ ಆಸ್ಪತ್ರೆಗಳಿಗೂ ಕೊರತೆಯಿಲ್ಲ. ಇವೆರಡರ ನಡುವೆ ಸಾಮಾನ್ಯ ವೈದ್ಯರಿಗೆ ಉಳಿದಿರುವುದು ಪರಿಚಯ: ಅಪ್ಪನಿಗೆ ಹೃದಯಾಘಾತವಾದ ವಯಸ್ಸು ನೆನಪಿಟ್ಟು ಮಗನ ಬಿಪಿ ನೋಡುವುದು.

ಆ ಪರಿಚಯವನ್ನು ಕೈದಾಟಿಸುವುದೇ ಕೊನೆಯ ಕಷ್ಟ. ವೈದ್ಯರ ಮಕ್ಕಳು ತಜ್ಞರಾಗಿ ದೊಡ್ಡ ಆಸ್ಪತ್ರೆ ಸೇರುತ್ತಾರೆ, ಸಾಮಾನ್ಯ ದವಾಖಾನೆಗೆ ಕೂರುವವರು ಮನೆಯಲ್ಲಿ ಇರುವುದಿಲ್ಲ. ಹೊಸಬರಿಗೆ ಗಾಳೆ, ಮೇಜು, ಬೋರ್ಡುಗಳನ್ನು ಮಾರುವುದು ಒಂದು ದಿನದ ಕೆಲಸ. ಬಲ್ಲವರು ಅದಕ್ಕೆ ಮೊದಲು ಒಂದೆರಡು ವರ್ಷ ಕಿರಿಯ ವೈದ್ಯರನ್ನು ಜೊತೆಗೆ ಕೂರಿಸಿಕೊಳ್ಳುತ್ತಾರೆ. ಬೆಳಿಗ್ಗೆಯ ಪಾಳಿ ಮೊದಲು ಬಿಟ್ಟುಕೊಟ್ಟು, ರೈಲಿನಿಂದ ಇಳಿದು ಬರುವ ಸಂಜೆಯ ಜನವನ್ನು ಕೊನೆಗೆ ಒಪ್ಪಿಸುತ್ತಾರೆ. ಕಪಾಟಿನ ಕೇಸ್ ಪೇಪರುಗಳು ರೋಗಿಗಳ ಒಪ್ಪಿಗೆಯೊಂದಿಗೆ ಹೊಸಬರ ಕೈಗೆ ಹೋಗುತ್ತವೆ. 2002ರ ನಿಯಮ ಪತ್ರಿಕಾ ಪ್ರಕಟಣೆಗೆ ಬಿಟ್ಟ ಆ ಕೆಲವೇ ಸಂದರ್ಭಗಳಲ್ಲಿ ಇನ್ನೊಬ್ಬರ ವೃತ್ತಿಯನ್ನು ವಹಿಸಿಕೊಳ್ಳುವುದೂ ಒಂದು.